ಬೀಗದ ಮೇಡಂ ಕೇಳದೆ ಬಿಟ್ಟ ಪ್ರಶ್ನೆ

ಮೂರನೆಯವರು ಯಾರು ಎಂಬ ಯೋಚನೆ ಆ ವಾರವಿಡೀ ನನ್ನ ತಲೆಯಿಂದ ಇಳಿಯಲಿಲ್ಲ. ಮಗಳಿಗೆ ಬಾಳೆಹಣ್ಣು ಕಿವುಚುವಾಗ ಅದೇ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅದೇ, ಪಾಠದ ನಡುವೆ ವಿದ್ಯಾರ್ಥಿಗಳಿಗೆ ಬೆನ್ನು ಮಾಡಿ ಹಲಗೆಯ ಮೇಲೆ ಬರೆಯುವಾಗಲೂ ಅದೇ. ಮೊದಲನೆಯವರು ಯಾರಾದರೂ ಆಗಿರಲಿ, ಹೊಗಳಿದ್ದರು. ಎರಡನೆಯವರು ಚಿತ್ರಗಳಲ್ಲಿ ಅಕ್ಷರ ಸಣ್ಣದಾಯಿತು ಎಂದು ಗೊಣಗಿದ್ದರು. ಅಂಥವರೊಬ್ಬರು ಎಲ್ಲ ಕಡೆ ಇರುತ್ತಾರೆ. ಮೂರನೆಯವರು ಮಾತ್ರ ನನ್ನ ಮನೆಯೊಳಕ್ಕೆ ಬಂದು ಹಾಸಿಗೆ ಕೊಡವಿ ನೋಡಿದವರ ಹಾಗೆ ಬರೆದಿದ್ದರು.

ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದ ಅಧ್ಯಾಪಕರಿಗೆಂದೇ ಒಂದು ಸಂಶೋಧನಾ ಅನುದಾನವಿದೆ. ನಾವು ಅದನ್ನು ಹೊಸಬರ ಅನುದಾನ ಎನ್ನುತ್ತೇವೆ. ಅದು ಸಿಕ್ಕಿದವರಿಗೆ ಸ್ವಂತ ಲ್ಯಾಬು, ಕೈಕೆಳಗೆ ವಿದ್ಯಾರ್ಥಿಗಳು, ಕಾಯಂ ಕೆಲಸ. ಸಿಗದವರು ಬೇರೆಯವರ ಲ್ಯಾಬಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು, ವರ್ಷ ವರ್ಷವೂ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಬಾಗಿಲು ನೋಡುತ್ತಾ ಕೂರಬೇಕು. ಅರ್ಜಿ ಹಾಕಲು ವಯಸ್ಸಿನ ಮಿತಿಯಿದೆ. ಹೆರಿಗೆಯ ರಜೆಯನ್ನು ಅದಕ್ಕೆ ಸೇರಿಸಿಕೊಟ್ಟರೂ ನನಗೆ ಇದು ಕೊನೆಯ ಸಲ.

ಅರ್ಜಿ ಹೋದ ಮೇಲೆ ಮೂವರು ವಿಮರ್ಶಕರು ಅದನ್ನು ಓದುತ್ತಾರೆ. ಹೆಸರು ಗುಟ್ಟು. ಅವರ ಅಭಿಪ್ರಾಯ ನಮ್ಮ ಕೈಗೆ ಬರುತ್ತದೆ, ನಾವು ಒಂದು ಪುಟದಲ್ಲಿ ಉತ್ತರ ಕೊಡಬೇಕು, ಆಮೇಲೆ ಸಮಿತಿ ಕೂತು ಆರಿಸುತ್ತದೆ. ಹೆಸರಿಲ್ಲದ ಅಭಿಪ್ರಾಯ ಕೈಗೆ ಬಂದರೆ ನಮ್ಮ ಕಸುಬಿನವರು ಮೊದಲು ಮಾಡುವ ಕೆಲಸ, ಬರೆದವರು ಯಾರೆಂದು ಊಹಿಸುವುದು. ಬರೆದದ್ದು ಸರಿಯೇ ಎಂದು ನೋಡುವುದು ಆಮೇಲಿನ ಮಾತು.

ನನ್ನ ಅರ್ಜಿ ಬಸವನಹುಳುವಿನ ಬಗ್ಗೆ. ಚಿಪ್ಪಿನ ಅಂಚು ಒಡೆದರೆ ಅದು ಒಳಗಿನಿಂದಲೇ ತೇಪೆ ಹಾಕಿಕೊಳ್ಳುತ್ತದೆ. ಮೊದಲು ತೆಳ್ಳನೆಯ ಪೊರೆ, ಅದರ ಮೇಲೆ ಸುಣ್ಣದ ಪದರ. ಕೆಲವು ಬೇಗ ಮುಚ್ಚಿಕೊಳ್ಳುತ್ತವೆ, ಕೆಲವು ನಿಧಾನ. ಏಕೆ, ಹೇಗೆ ಎಂಬುದು ನನ್ನ ಪ್ರಶ್ನೆ. ಮೂರನೆಯವರು ಬರೆದದ್ದು ಇಷ್ಟು: "ಒಂದು ತೊಟ್ಟಿಯ ಹುಳುಗಳೆಲ್ಲ ಬೇಸಿಗೆಯಲ್ಲಿ ಸತ್ತುಹೋದವು. ಅವುಗಳ ವಿಷಯ ಅರ್ಜಿಯಲ್ಲಿ ಏಕಿಲ್ಲ? ಬೇಗ ತೇಪೆ ಹಾಕಿಕೊಂಡವೇ ಮೊದಲು ಸತ್ತವೇ? ಇದಕ್ಕೆ ಉತ್ತರ ಸಿಗದೆ ನಾನು ಶಿಫಾರಸು ಮಾಡಲಾರೆ."

ಹುಳುಗಳನ್ನು ಲ್ಯಾಬಿನ ಗಾಜಿನ ತೊಟ್ಟಿಗಳಲ್ಲಿ ಸಾಕುತ್ತೇವೆ. ತೊಟ್ಟಿ ಸತ್ತದ್ದು ನಿಜ. ಕೋಣೆಯ ಏಸಿ ಕೆಟ್ಟು, ರಿಪೇರಿಯವನು ಇವತ್ತು ನಾಳೆ ಎನ್ನುತ್ತಾ ಕಾಲ ತಳ್ಳಿ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಟ್ಟ ಪ್ರಯೋಗ ಎಂದು ನಾನು ಅದನ್ನು ಅರ್ಜಿಯಲ್ಲಿ ಸೇರಿಸಿರಲಿಲ್ಲ. ಆದರೆ ಆಗ ನಾನು ಹೆರಿಗೆಯ ರಜೆಯಲ್ಲಿದ್ದೆ. ಆ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು, ಸತ್ತ ಸಂಗತಿ ಗೊತ್ತಿದ್ದವರು ಒಬ್ಬರೇ.

ಬೀಗದ ಮೇಡಂ.

ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕಿ ಅವರು. ಕುಳ್ಳಗೆ, ಗಟ್ಟಿಯಾಗಿ, ಒಂದು ಭುಜ ತುಸು ಇಳಿಸಿಕೊಂಡು ನಡೆಯುತ್ತಾರೆ. ಕೊರಳಿಗೆ ಹಾಕಿಕೊಂಡ ಬೀಗದ ಕೈ ಗೊಂಚಲಿನ ಭಾರಕ್ಕೇ ಆ ಭುಜ ಇಳಿದಿದೆ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಕಪಾಟಿಗೆ ಬೀಗ, ಮೇಜಿನ ಖಾನೆಗೆ ಬೀಗ, ಫ್ರೀಜರಿಗೆ ಬೀಗ, ಸೀಮೆಸುಣ್ಣದ ಡಬ್ಬಿಗೂ ಬೀಗ. ಮನೆಯಲ್ಲೂ ಹಾಗೇ. ಅವರ ಯಜಮಾನರು ರೈಲಿನಲ್ಲಿ ಗಾರ್ಡ್ ಆಗಿದ್ದವರು, ಈಗ ನಿವೃತ್ತರು, ಸಕ್ಕರೆ ಕಾಯಿಲೆ. ದಿನವೂ ಮಧ್ಯಾಹ್ನ ವಿಭಾಗಕ್ಕೆ ಫೋನು ಮಾಡುತ್ತಾರೆ.

"ಸಕ್ಕರೆ ಡಬ್ಬಿ ಕೀ ಎಲ್ಲಿಟ್ಟಿದ್ದೀಯ?"

"ನನ್ನ ಕೊರಳಲ್ಲಿದೆ. ಬಂದು ತಗೊಂಡು ಹೋಗಿ."

"ಬಸ್ಸಲ್ಲಿ ಬರಲಾ?"

"ನಡ್ಕೊಂಡು ಬನ್ನಿ. ಬರೋ ಹೊತ್ತಿಗೆ ಒಂದು ಚಮಚ ತಿನ್ನೋ ಅಷ್ಟು ಮೈಯೊಳಗಿನ ಸಕ್ಕರೆ ಕರಗಿರುತ್ತೆ."

ಬೀಗದ ಹಿಂದೆ ಒಂದು ಕತೆಯಿದೆ ಎಂದು ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಮೇಡಂ ಚಿಕ್ಕ ವಯಸ್ಸಿನವರಾಗಿದ್ದಾಗ ಅವರ ಖಾನೆಯಲ್ಲಿದ್ದ ಚಿಪ್ಪಿನ ಚಿತ್ರಗಳನ್ನು ಪಕ್ಕದ ಕೋಣೆಯವರೊಬ್ಬರು ನೋಡಿ, ಅದೇ ವಿಚಾರ ಇಟ್ಟುಕೊಂಡು ಹೊಸಬರ ಅನುದಾನಕ್ಕೆ ಅರ್ಜಿ ಹಾಕಿದರಂತೆ. ಮೇಡಂ ಕೂಡ ಹಾಕಿದ್ದರು. ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಸಮಿತಿಯ ಅಧ್ಯಕ್ಷರು ಮೇಡಂಗೆ ಚಿಪ್ಪಿನ ಬಗ್ಗೆ ಒಂದು ಮಾತೂ ಕೇಳದೆ, "ಮದುವೆ ಯಾವಾಗಮ್ಮ?" ಎಂದರಂತೆ. ಮೇಡಂ, "ಯಾಕೆ ಸಾರ್, ನಿಮ್ಮ ಮಗನಿಗೆ ಹೆಣ್ಣು ನೋಡ್ತಿದ್ದೀರಾ?" ಎಂದರಂತೆ. ಅಲ್ಲಿಗೆ ಅನುದಾನ ಕೈತಪ್ಪಿತು. ಮುಂದಿನ ಸಲದ ಹೊತ್ತಿಗೆ ವಯಸ್ಸಿನ ಮಿತಿ ದಾಟಿತ್ತು. ಸ್ವಂತ ಲ್ಯಾಬಿಗೆ ಎಷ್ಟೋ ವರ್ಷ ಕಾಯಬೇಕಾಯಿತು. ಆಮೇಲೆ ಅವರು ಯಾವ ಅನುದಾನಕ್ಕೂ ಅರ್ಜಿ ಹಾಕಲಿಲ್ಲ, ಬೀಗ ಕೊಂಡರು.

ನಾನು ಕೆಲಸಕ್ಕೆ ಸೇರಿದಾಗ ಯಾರೂ ನನಗೆ ಜಾಗ ಕೊಡಲಿಲ್ಲ. ಮೇಡಂ ತಮ್ಮ ಲ್ಯಾಬಿನ ಕಿಟಕಿಯ ಪಕ್ಕದ ಮೂಲೆ ತೋರಿಸಿ, "ಇಲ್ಲಿ ಕೂತ್ಕೋ. ಆದ್ರೆ ಕಿಟಕಿ ತೆಗೀಬೇಡ, ತೆಗೆದ್ರೆ ಮುಚ್ಚೋಕೆ ಬರಲ್ಲ" ಎಂದರು. ಸೌತೆಕಾಯಿ ಎಷ್ಟು ತೆಳ್ಳಗೆ ಹೆಚ್ಚಬೇಕು, ಮೊಟ್ಟೆಯ ಚಿಪ್ಪನ್ನು ಎಷ್ಟು ನುಣ್ಣಗೆ ಪುಡಿ ಮಾಡಬೇಕು, ತೊಟ್ಟಿಯ ಗಾಜನ್ನು ಯಾವ ಬಟ್ಟೆಯಲ್ಲಿ ಒರೆಸಬೇಕು, ಎಲ್ಲ ಅವರೇ ಕಲಿಸಿದ್ದು. ಕಲಿಸುವುದೆಂದರೆ ಬೈಯುವುದು. "ಇದು ಹುಳಕ್ಕೆ ಊಟನೋ, ಮದುವೆ ಮನೆ ಎಲೆಗೆ ಬಡಿಸೋದೋ?" ಎನ್ನುತ್ತಲೇ ನನ್ನ ಕೈಯಿಂದ ಚಾಕು ಕಿತ್ತುಕೊಳ್ಳುತ್ತಿದ್ದರು.

ಹುಳುಗಳಿಗೆ ಗುರುತು ಹಾಕಲು ಉಗುರಿನ ಬಣ್ಣ ಬಳಸುತ್ತೇವೆ. ನೀರಿಗೆ ಹೋಗುವುದಿಲ್ಲ, ಹುಳುವಿಗೆ ತೊಂದರೆಯಿಲ್ಲ. ಅದನ್ನು ಕೊಳ್ಳಲು ಮೇಡಂ ಜೊತೆಗೇ ಹೋಗಿದ್ದೆ. ಅಂಗಡಿಯ ಹುಡುಗಿ ಒಂದು ಕೆಂಪು ಶೀಸೆ ತೆಗೆದು, "ಆಂಟಿ, ಇದು ನಿಮ್ಮ ಕೈಗೆ ತುಂಬಾ ಒಪ್ಪುತ್ತೆ" ಎಂದಳು.

"ನನಗಲ್ಲಮ್ಮ, ಹುಳಕ್ಕೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಅವಳು ಶೀಸೆಯನ್ನು ಕಾಗದದಲ್ಲಿ ಸುತ್ತಿ, ಚಿಲ್ಲರೆಯನ್ನು ಬೆರಳ ತುದಿಯಲ್ಲಿ ಹಿಡಿದು ಕೊಟ್ಟಳು.

ರಜೆಗೆ ಹೋಗುವ ಮೊದಲು ನಾನೇ ಚಿಪ್ಪುಗಳಿಗೆ ಚುಕ್ಕೆ ಇಟ್ಟೆ. ಬೇಗ ತೇಪೆ ಹಾಕಿಕೊಂಡವಕ್ಕೆ ಕೆಂಪು, ನಡುವಿನವಕ್ಕೆ ಹಳದಿ, ನಿಧಾನದವಕ್ಕೆ ನೀಲಿ. ಒಮ್ಮೆ ಮುಚ್ಚಿಕೊಂಡ ಮೇಲೆ ಹೊರಗಿನಿಂದ ನೋಡಿದರೆ ಎಲ್ಲ ಚಿಪ್ಪೂ ಒಂದೇ ಥರ ಕಾಣುತ್ತದೆ. ತೊಟ್ಟಿಗಳನ್ನು ಮೇಡಂ ಕೈಗೆ ಒಪ್ಪಿಸುವಾಗ ಬಣ್ಣದ ಅರ್ಥ ಹೇಳಲು ಬಾಯಿ ತೆಗೆದೆ. ಅವರು ಕೈ ಅಡ್ಡ ಹಿಡಿದರು.

"ಬೇಡ. ನೋಡ್ಕೊಳ್ಳೋಳು ನಾನು. ಯಾವುದು ಜಾಣ ಯಾವುದು ದಡ್ಡ ಅಂತ ಗೊತ್ತಾದ್ರೆ, ನನಗೇ ಗೊತ್ತಿಲ್ದಂಗೆ ಜಾಣಂಗೆ ಒಂದು ಚೂರು ಸೌತೆಕಾಯಿ ಜಾಸ್ತಿ ಹಾಕಿರ್ತೀನಿ. ಗೊತ್ತಿಲ್ದೇ ಇರೋದೂ ಒಂದು ಕೆಲಸ ಕಣಮ್ಮ."

ಅದು ನಮ್ಮ ಕಸುಬಿನ ಹಳೆಯ ಕಟ್ಟುಪಾಡು. ಪ್ರಯೋಗದ ಜೀವಿಯನ್ನು ಸಾಕುವವರಿಗೆ ಗುರುತಿನ ಅರ್ಥ ಗೊತ್ತಿರಬಾರದು. ಬಹಳ ಜನ ಅದನ್ನು ಪಾಠದಲ್ಲಿ ಹೇಳಿ ಲ್ಯಾಬಿನಲ್ಲಿ ಮರೆಯುತ್ತಾರೆ. ಮೇಡಂ ಮರೆತವರಲ್ಲ. ಆದರೆ ಆ ವಾರ ನನಗೆ ಇದ್ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದು ಬರೀ ಅನುಮಾನ.

ಅನುಮಾನಕ್ಕೆ ಕಾರಣಗಳೂ ಇದ್ದವು. ಅರ್ಜಿ ಕಳಿಸಿದ ಸ್ವಲ್ಪ ದಿನಕ್ಕೇ ಮೇಡಂ ನನ್ನ ಮೂಲೆಯ ಕಡೆ ಬರುವುದನ್ನು ನಿಲ್ಲಿಸಿದ್ದರು. ಅಲ್ಲಿಯವರೆಗೆ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಈಗ ಅವರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಊಟ ಮಾಡುತ್ತಿದ್ದರು. ನನ್ನ ಮಗಳು ಪುಟ್ಟಿಗೆ ದವಡೆ ಹಲ್ಲು ಬಂತಾ, ಮಾತಾಡುತ್ತಾಳಾ ಎಂದು ಕೇಳುವುದೂ ಇಲ್ಲ. ಒಂದು ದಿನ ವಿದ್ಯಾರ್ಥಿಗಳ ಅಂಕಪಟ್ಟಿಗೆ ಸಹಿ ಹಾಕಿಸಲು ಒಳಗೆ ಹೋದೆ. ಅವರ ಕಂಪ್ಯೂಟರಿನ ತೆರೆಯ ಮೇಲೆ ಹೊಸಬರ ಅನುದಾನದ ಕಚೇರಿಯ ಗುರುತು ಕಂಡಿತು. ನನ್ನನ್ನು ಕಂಡದ್ದೇ ತೆರೆಯನ್ನು ಆರಿಸಿದರು.

"ಏನು?"

"ಸಹಿ, ಮೇಡಂ."

"ಅಲ್ಲಿಟ್ಟು ಹೋಗು."

ಕೂರು ಎನ್ನಲಿಲ್ಲ. ನಾನು ನಿಂತೇ ಇದ್ದದ್ದನ್ನು ನೋಡಿ, "ಪಾಠ ಇಲ್ವಾ ನಿನಗೆ?" ಎಂದರು.

ಇದನ್ನೆಲ್ಲ ನಾನು ಹೇಳಿಕೊಂಡದ್ದು ರೇಡಿಯೋ ಬಳಿ. ಪಕ್ಕದ ಸಸ್ಯಶಾಸ್ತ್ರ ವಿಭಾಗದ ಅಧ್ಯಾಪಕಿ ಅವಳು. ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಇಲ್ಲವೆಂದು ಆ ಹೆಸರು. ಅವಳಿಗೂ ಗೊತ್ತು, ಬೇಸರವಿಲ್ಲ. ಮೂರನೆಯವರ ಅಭಿಪ್ರಾಯವನ್ನು ಅವಳು ಟೀ ಲೋಟ ಹಿಡಿದುಕೊಂಡೇ ಓದಿದಳು, ಮತ್ತೊಮ್ಮೆ ಓದಿದಳು, ಲೋಟ ಕೆಳಗಿಟ್ಟಳು.

"ತೊಟ್ಟಿ ಸತ್ತಿದ್ದು ಇನ್ಯಾರಿಗೆ ಗೊತ್ತು?"

"ಮೇಡಂಗೆ."

"ನೀನು ಯಾರಿಗಾದ್ರೂ ಹೇಳಿದ್ಯಾ?"

"ಯಾರಿಗೂ ಇಲ್ಲ. ಮನೇಲಿ ಗಂಡನಿಗೂ ಸರಿಯಾಗಿ ಹೇಳಿಲ್ಲ."

"ಮತ್ತೆ ಇನ್ನೇನು ಬೇಕು? ಹುಳ ಅವರ ಕೈಲಿ ಸತ್ತಿದ್ದು, ಪ್ರಶ್ನೆ ನಿನಗೆ. ತಮಗೆ ಸಿಗಲಿಲ್ಲ ಅಂತ ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ನೋಡು."

"ಹಾಗಲ್ಲ ಅವರು."

"ಹಾಗಲ್ಲ ಅಂದ್ರೆ ಊಟಕ್ಕೆ ಯಾಕೆ ಬಾಗಿಲು ಹಾಕ್ಕೋತಾರೆ? ಆ ಡಬ್ಬಿ ಒಳಗೆ ಅಂಥದ್ದೇನಿರುತ್ತೆ, ಬಂಗಾರನಾ?"

ರೇಡಿಯೋ ಇನ್ನೊಂದು ದಾರಿ ಹೇಳಿದಳು. ವಿಮರ್ಶಕರು ನಮ್ಮ ಪರಿಚಯದವರು, ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಬರೆದಿದ್ದಾರೆ ಎನಿಸಿದರೆ ಅನುದಾನದ ಕಚೇರಿಗೆ ದೂರು ಕೊಡಬಹುದು. ಆಗ ಆ ಅಭಿಪ್ರಾಯವನ್ನು ಪಕ್ಕಕ್ಕಿಡುತ್ತಾರೆ, ವಿಶ್ವವಿದ್ಯಾಲಯಕ್ಕೂ ವಿಚಾರಣೆಗೆ ಬರೆಯುತ್ತಾರೆ. ದೂರಿಗೂ ಉತ್ತರಕ್ಕೂ ಗಡುವು ಒಂದೇ, ಸೋಮವಾರ ಸಂಜೆ.

"ವಿಚಾರಣೆ ಅಂದ್ರೆ ಮೇಡಂಗೆ ಏನಾಗುತ್ತೆ?"

"ಏನಾಗುತ್ತೆ, ನಿವೃತ್ತಿಗೆ ಮೊದಲು ಒಂದು ಕಪ್ಪು ಚುಕ್ಕೆ. ನೀನು ಅವರ ಬಗ್ಗೆ ಯೋಚಿಸ್ತಿದ್ದೀಯ, ಅವರು ನಿನ್ನ ಮಗು ಬಗ್ಗೆ ಯೋಚಿಸಿದ್ರಾ?"

ಆ ಮಾತು ನೇರ ಎದೆಗೆ ನಾಟಿತು. ಮನೆಗೆ ಬಂದು ದೂರು ಬರೆದೆ. ಬರೆಯುವುದು ಎಷ್ಟು ಸುಲಭವಾಯಿತೆಂದು ನನಗೇ ಆಶ್ಚರ್ಯ. ಅನುದಾನದ ಅರ್ಜಿಯ ಮೊದಲ ವಾಕ್ಯಕ್ಕೆ ತಿಂಗಳು ಹಿಡಿದಿತ್ತು, ಇದು ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯಿತು. ಕಳಿಸಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹಾಗೇ ಇಟ್ಟೆ.

ನನ್ನ ಗಂಡ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸದವನು. ದಿನವೆಲ್ಲ ಜನರಿಗೆ ಅಕ್ಷರ ತೋರಿಸಿ, ಈಗ ಹೇಗೆ, ಈಗ ಹೇಗೆ ಎಂದು ಕೇಳಿ ಕೇಳಿ, ಮನೆಯಲ್ಲೂ ಅದೇ ಧಾಟಿ.

"ದೂರು ಓದಿದೆ. ಈಗ ಹೇಗೆ ಕಾಣುತ್ತೆ?"

"ಏನು ಹೇಗೆ?"

"ಮೇಡಂ. ಮೊದಲು ದೇವರ ಥರ ಕಾಣ್ತಿದ್ರು, ಈಗ ಕಳ್ಳರ ಥರ. ಮಧ್ಯದ ನಂಬರು ಒಂದೂ ಇಲ್ವಾ ನಿನ್ನ ಹತ್ರ?"

"ನಿನಗೆ ತಮಾಷೆ. ನನ್ನ ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ ಅನ್ನಲ್ಲ ನಾನು. ಕೇಳು ಅಂತೀನಿ. ಫೋನು ಮಾಡಿ ನೇರ ಕೇಳು."

"ಕೇಳಿದ್ರೆ ಹೇಳ್ತಾರಾ?"

"ಹೇಳದೇ ಇದ್ರೂ ಗೊತ್ತಾಗುತ್ತೆ. ಅಕ್ಷರ ಕಾಣದವರು ಕಾಣುತ್ತೆ ಅಂತ ಸುಳ್ಳು ಹೇಳಿದ್ರೆ ನನಗೆ ಗೊತ್ತಾಗಲ್ವಾ, ಹಾಗೆ."

ನಾನು ಫೋನು ಎತ್ತಿದೆ, ಇಟ್ಟೆ. ನೇರ ಕೇಳುವುದು ಎಂದರೆ ಏನು? ಮೇಡಂ, ನನ್ನ ಬೆನ್ನಿಗೆ ಚೂರಿ ಹಾಕಿದ್ದು ನೀವೇನಾ ಎಂದೇ? ಅಲ್ಲ ಎಂದರೆ ನಂಬುವುದು ಹೇಗೆ? ಹೌದು ಎಂದರೆ ನಾಳೆಯಿಂದ ಅದೇ ಕಿಟಕಿಯ ಪಕ್ಕ ಕೂರುವುದು ಹೇಗೆ? ಇದರ ಜೊತೆಗೆ ಇನ್ನೊಂದು ಸಿಕ್ಕು. ಮೂರನೆಯವರ ಪ್ರಶ್ನೆಗೆ ಉತ್ತರ ಕೊಡಬೇಕೆಂದರೂ ಮೇಡಂ ಬಳಿಗೇ ಹೋಗಬೇಕು. ಅವರು ಏನನ್ನೂ ಎಸೆಯುವವರಲ್ಲ. ಸತ್ತ ತೊಟ್ಟಿಯ ಹುಳುಗಳನ್ನು ಫ್ರೀಜರಿನಲ್ಲಿ ಇಟ್ಟಿದ್ದರು. ಯಾವುದು ಮೊದಲು ಸತ್ತಿತು, ಯಾವುದು ಆಮೇಲೆ ಎಂಬ ಪೂರ್ತಿ ಲೆಕ್ಕ ಅವರ ಬಳಿ ಮಾತ್ರ ಇತ್ತು. ಆ ಫ್ರೀಜರಿನ ಬೀಗದ ಕೈ ಅವರ ಕೊರಳಲ್ಲಿತ್ತು.

ಪ್ರಶ್ನೆ ಹಾಕಿದವರೂ ಅವರೇ, ಉತ್ತರವನ್ನು ಬೀಗದೊಳಗೆ ಇಟ್ಟುಕೊಂಡವರೂ ಅವರೇ ಎಂದು ಯೋಚಿಸಿ ಯೋಚಿಸಿ ತಲೆ ಕಾದ ಹಂಡೆಯಾಯಿತು.

ಭಾನುವಾರ ಮಧ್ಯಾಹ್ನ. ನಾನು ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದೂರಿನಲ್ಲಿ ಒಂದು ಪದ ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದೆ. ಆಚೆ ಕೋಣೆಯಲ್ಲಿ ಅತ್ತೆ ಪುಟ್ಟಿಯನ್ನು ಆಡಿಸುತ್ತಿದ್ದರು. ಇದ್ದಕ್ಕಿದ್ದ ಹಾಗೆ ಸದ್ದಿಲ್ಲ. ಮಗುವಿರುವ ಮನೆಯಲ್ಲಿ ಸದ್ದಿಲ್ಲವೆಂದರೆ ಏನೋ ಅನಾಹುತ ನಡೆಯುತ್ತಿದೆ ಎಂದೇ ಅರ್ಥ. ಎದ್ದು ಓಡಿದೆ.

ನನ್ನ ಚೀಲ ಬುಡಮೇಲಾಗಿತ್ತು. ಲ್ಯಾಬಿನಿಂದ ಮನೆಗೆ ಬಂದಿದ್ದ ಉಗುರುಬಣ್ಣದ ಶೀಸೆಗಳನ್ನು ಪುಟ್ಟಿ ಬಿಚ್ಚಿಸಿಕೊಂಡಿದ್ದಳು. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಪುಟ್ಟಿ ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿಕೊಂಡು ಅವರ ಕಾಲ ಬೆರಳುಗಳಿಗೆ ಚುಕ್ಕೆ ಇಡುತ್ತಿದ್ದಳು. ಹೆಬ್ಬೆರಳಿಗೆ ಕೆಂಪು, ಪಕ್ಕದ್ದಕ್ಕೆ ನೀಲಿ, ಮತ್ತೆ ಕೆಂಪು.

"ಅತ್ತೆ, ಅದು ಹುಳಕ್ಕೆ ಹಾಕೋ ಬಣ್ಣ!"

"ಇರ್ಲಿ ಬಿಡಮ್ಮ. ನನಗೆ ಇನ್ಯಾರು ಹಚ್ತಾರೆ? ನಿನ್ನ ಗಂಡ ಹಚ್ತಾನಾ?" ಎಂದು ಅತ್ತೆ ಕಾಲು ಅಲುಗಿಸದೆ ಹೇಳಿದರು. ಆಮೇಲೆ ಮೊಮ್ಮಗಳ ಕಡೆಗೆ ಬಾಗಿ, "ಅಲ್ವೇ ಪುಟ್ಟಿ, ಇದಕ್ಕೆ ಕೆಂಪು, ಅದಕ್ಕೆ ನೀಲಿ ಯಾಕೆ? ನನಗೂ ಹೇಳೇ" ಎಂದರು.

ಪುಟ್ಟಿ ಬ್ರಶ್ಶನ್ನು ಎದೆಗೆ ಅವುಚಿಕೊಂಡು, "ಊಹೂಂ" ಎಂದಳು. ಹೇಳುವುದಿಲ್ಲ.

ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಲ್ಯಾಬಿನ ಒಂದು ದಿನ ನೆನಪಾಯಿತು.

ರಜೆಯ ನಡುವೆ ಒಂದು ದಿನ, ತೊಟ್ಟಿ ಸತ್ತ ಸುದ್ದಿ ಕೇಳಿ, ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು ಲ್ಯಾಬಿಗೆ ಹೋಗಿದ್ದೆ. ಮೇಡಂ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಸತ್ತ ಹುಳುಗಳನ್ನು ಸತ್ತ ಸರದಿಯಲ್ಲೇ ಸಾಲಾಗಿ ಇಟ್ಟಿದ್ದರು. ಮುಂದಿನ ಸಾಲುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕೆಂಪು ಚುಕ್ಕೆ. ಬೇಗ ತೇಪೆ ಹಾಕಿಕೊಂಡವು. ಗೆದ್ದವು ಎಂದು ನಾನು ಅಂದುಕೊಂಡಿದ್ದವು. ನನ್ನ ಮುಖ ಬಿಳುಚಿಕೊಂಡದ್ದನ್ನು ಅವರು ಕಂಡರು. ನಾನು ಬಾಯಿ ತೆರೆದೆ.

"ಹೇಳಬೇಡ" ಎಂದರು ಮೇಡಂ. "ಉಳಿದ ತೊಟ್ಟಿಗಳು ಇನ್ನೂ ನನ್ನ ಕೈಲೇ ಇವೆ. ಈಗ ಹೇಳಿದ್ರೆ ಎಲ್ಲ ಹಾಳು." ಹಾಗೆಂದವರು ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು, "ಮಗುಗೆ ಸೆಕೆ ಆಗ್ತಿದೆ, ಮನೆಗೆ ಹೋಗು" ಎಂದರು.

ಹಾಗಾದರೆ ಮೂರನೆಯವರ ಎರಡನೇ ಪ್ರಶ್ನೆ? ಬೇಗ ತೇಪೆ ಹಾಕಿಕೊಂಡವೇ ಮೊದಲು ಸತ್ತವೇ ಎಂದು ಕೇಳಬೇಕಾದರೆ ಕೆಂಪಿನ ಅರ್ಥ ಗೊತ್ತಿರಬೇಕು. ಮೇಡಂಗೆ ಅದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಯಾರಿಗೂ ಇಲ್ಲವೇ?

ನಿಧಾನವಾಗಿ ಒಂದು ಕೋಣೆ ಕಣ್ಣ ಮುಂದೆ ಬಂತು. ಹೋದ ವರ್ಷದ ವಿಚಾರಸಂಕಿರಣ. ಸಭಾಂಗಣದ ಹಿಂದೆ, ಮಡಿಸಿಟ್ಟ ಕುರ್ಚಿಗಳ ನಡುವೆ, ಹಾಲೂಡಿಸುವ ತಾಯಂದಿರಿಗೆಂದು ಪರದೆ ಕಟ್ಟಿದ ಒಂದು ಸಣ್ಣ ಜಾಗ. ಪುಟ್ಟಿ ಅಳು ನಿಲ್ಲಿಸುತ್ತಿಲ್ಲ, ಆಚೆ ನನ್ನ ಭಿತ್ತಿಪತ್ರಕ್ಕೆ ಪಿನ್ನು ಹಾಕಬೇಕು, ನಾನೂ ಅಳುತ್ತಿದ್ದೆ. ತಲೆ ಪೂರಾ ನರೆತ ಹೆಂಗಸೊಬ್ಬರು ಕಾಲು ನೋವೆಂದು ಅಲ್ಲಿ ಬಂದು ಕೂತಿದ್ದರು. ಕೊರಳ ಹೆಸರಿನ ಚೀಟಿ ಹಿಂದುಮುಂದಾಗಿತ್ತು. "ಕೊಡಮ್ಮ ಇಲ್ಲಿ, ನಾನು ಮೂರು ಬೆಳೆಸಿದ್ದೀನಿ" ಎಂದು ಪುಟ್ಟಿಯನ್ನು ಎತ್ತಿಕೊಂಡರು. ಪುಟ್ಟಿ ಅವರ ಹೆಗಲಿಗೆ ಬಿದ್ದದ್ದೇ ನಿದ್ದೆ ಹೋದಳು. "ಏನು ಕೆಲಸ ನಿಂದು?" ಎಂದು ಕೇಳಿದ್ದೇ ತಡ, ಒಡೆದ ನಲ್ಲಿಯ ಹಾಗೆ ಎಲ್ಲ ಸುರಿದುಬಿಟ್ಟೆ. ತೊಟ್ಟಿ, ಏಸಿ, ಕೆಂಪು ಚುಕ್ಕೆ, ಅದನ್ನು ನೋಡಿ ನನಗಾದ ಹೆದರಿಕೆ, ಎಲ್ಲ. ಅವರು ಪುಟ್ಟಿಯ ಬೆನ್ನು ತಟ್ಟುತ್ತಾ ಕೇಳಿಸಿಕೊಂಡು, "ಅದನ್ನ ಬಿಡಬೇಡ. ಅಸಲಿ ವಿಷಯ ಇರೋದೇ ಅದರಲ್ಲಿ" ಎಂದಿದ್ದರು. ಹುಚ್ಚಿ ನಾನು, ಸಮಾಧಾನದ ಮಾತು ಎಂದುಕೊಂಡೆ. ಅವರು ಯಾರು, ಎಲ್ಲಿಯವರು ಎಂದೂ ಕೇಳಲಿಲ್ಲ.

ಅವರೇ ಮೂರನೆಯವರೋ, ಅವರು ಇನ್ಯಾರಿಗೋ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಇಷ್ಟು ಹೊಳೆದ ಮೇಲೆ ಮನಸ್ಸು ಹಗುರಾಗಬೇಕಿತ್ತು ತಾನೆ? ಆಗಲಿಲ್ಲ. ಒಮ್ಮೆ ಹೊಕ್ಕ ಅನುಮಾನ ಹಾಗೆ ಬಾಗಿಲು ತೋರಿಸಿದ ತಕ್ಷಣ ಎದ್ದು ಹೋಗುವ ನೆಂಟನಲ್ಲ. ಮೇಡಂ ಬುದ್ಧಿವಂತರು, ಬಣ್ಣದ ಅರ್ಥವನ್ನು ಊಹಿಸಿರಬಹುದಲ್ಲ? ನನ್ನ ಮುಖ ನೋಡಿಯೇ ತಿಳಿದುಕೊಂಡಿರಬಹುದಲ್ಲ? ಹಾಗಾದರೆ ಆ ಕಂಪ್ಯೂಟರಿನ ತೆರೆ? ಮುಚ್ಚಿದ ಬಾಗಿಲು?

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಏನಮ್ಮ, ಈ ಬಣ್ಣ ಅಷ್ಟು ದುಬಾರಿನಾ? ತೊಳ್ಕೊಂಡ್ಬಿಡ್ತೀನಿ ಬೇಕಾದ್ರೆ."

"ಇರಲಿ ಅತ್ತೆ. ಒಂದು ಫೋನು ಮಾಡಬೇಕು ನಾನು."

"ಹಾಗಾದ್ರೆ ಮಾಡು. ವಾರದಿಂದ ಅದನ್ನ ಕೈಲಿ ಹಿಡ್ಕೊಂಡೇ ಓಡಾಡ್ತಿದ್ದೀಯ."

ಹಾಸಿಗೆಯ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ದೂರು ಕಾಣಿಸುತ್ತಿತ್ತು, ಕಳಿಸುವ ಗುಂಡಿಯೂ ಕಾಣಿಸುತ್ತಿತ್ತು. ಅದರ ಪಕ್ಕ ಕೂತು ಮೇಡಂ ಮನೆಗೆ ಫೋನು ಮಾಡಿದೆ. ಎತ್ತಿದವರು ಗಾರ್ಡ್ ಸಾಹೇಬರು.

"ಯಾರು? ಓ, ಹುಳದ ಹುಡುಗೀನಾ! ಎಷ್ಟು ದಿನ ಆಯ್ತಮ್ಮ ನಿನ್ನ ದನಿ ಕೇಳಿ. ನೋಡು, ಅವಳಿಗೆ ಒಂದು ಮಾತು ಹೇಳು, ಸಕ್ಕರೆ ಡಬ್ಬಿ ಬೀಗ ತುಕ್ಕು ಹಿಡಿದಿದೆ, ಒಂದ್ಸಲ ತೆಗೆದು ಎಣ್ಣೆ ಹಾಕಬೇಕು ಅಂತ. ನನ್ನ ಮಾತು ನಂಬಲ್ಲ ಅವಳು."

ಹಿಂದಿನಿಂದ ಬೀಗದ ಕೈಗಳ ಸದ್ದು. ಮೇಡಂ ಫೋನು ಕಿತ್ತುಕೊಂಡರು.

"ಹೇಳು."

"ಮೇಡಂ, ನಾನು."

"ಗೊತ್ತಾಯ್ತು. ನಾಳೆ ಸಂಜೆಗೆ ಉತ್ತರ ಕೊಡಬೇಕಲ್ವಾ ನೀನು?"

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ದೆ ಏನು? ನನ್ನನ್ನೂ ಕೇಳಿದ್ರು, ನಿನ್ನ ಅರ್ಜಿ ನೋಡಿ ಅಂತ. ನಮ್ಮ ಲ್ಯಾಬಿನ ಹುಡುಗಿ, ನಾನು ನೋಡಲ್ಲ ಅಂತ ಬರೆದೆ. ಮತ್ತೆ ಮತ್ತೆ ಕೇಳಿದ್ರು, ಮತ್ತೆ ಮತ್ತೆ ಅದನ್ನೇ ಬರೆದೆ. ಹಾಗೆ ಬರೆದೋಳು ದಿನಾ ನಿನ್ನ ಜೊತೆ ಊಟಕ್ಕೆ ಕೂತ್ರೆ ಚೆನ್ನಾಗಿರುತ್ತಾ? ಕೂತ್ರೆ ನೀನು ಕೇಳ್ತೀಯ, ಕೇಳಿದ್ರೆ ನನ್ನ ಬಾಯಿ ನಿಲ್ಲಲ್ಲ. ಅದಕ್ಕೇ ದೂರ ಇದ್ದೆ."

"ಒಂದು ಮಾತು ಹೇಳಬಹುದಿತ್ತಲ್ಲ, ಮೇಡಂ?"

"ಅವರು ನನ್ನನ್ನ ಕೇಳಿದ್ರು ಅನ್ನೋದನ್ನೂ ಹೇಳೋ ಹಾಗಿಲ್ಲ. ಈಗಲೂ ಹೇಳಬಾರದಿತ್ತು. ಹೇಳಿಬಿಟ್ಟೆ." ಅವರ ದನಿಯಲ್ಲಿ ತಮ್ಮ ಮೇಲೇ ಸಿಟ್ಟಿತ್ತು. "ಪುಟ್ಟಿ ಹೇಗಿದ್ದಾಳೆ?"

"ಅತ್ತೆ ಕಾಲಿಗೆ ಉಗುರುಬಣ್ಣ ಹಾಕ್ತಿದ್ದಾಳೆ."

"ಪರವಾಗಿಲ್ಲ, ಅಮ್ಮನ ಕೆಲಸ ಕಲೀತಿದ್ದಾಳೆ. ಸರಿ, ಫೋನು ಯಾಕೆ ಮಾಡ್ದೆ?"

ಇದೇ ಹೊತ್ತು ಎಂದು ನನಗೆ ಗೊತ್ತಿತ್ತು. ಕೇಳಬಹುದಿತ್ತು, ಆ ಅಭಿಪ್ರಾಯ ಬರೆದವರು ನೀವಲ್ಲ ತಾನೆ ಎಂದು. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿದೆ.

"ಸತ್ತ ತೊಟ್ಟಿ ಬೇಕು, ಮೇಡಂ. ಯಾವುದು ಮೊದಲು ಸತ್ತಿತು, ಯಾವುದು ಆಮೇಲೆ ಅಂತ ಕೇಳಿದ್ದಾರೆ."

ಆ ಕಡೆಯಿಂದ ಒಂದೊಂದಾಗಿ ಬೀಗದ ಕೈಗಳನ್ನು ಬೆರಳಿನಿಂದ ಸರಿಸುವ ಸದ್ದು ಕೇಳಿತು. ಕೊನೆಗೆ ಒಂದು ಕಡೆ ನಿಂತಿತು.

"ಎಲ್ಲ ಇದ್ದಾವೆ. ಫ್ರೀಜರಿನ ಕೆಳಗಿನ ಗೂಡಲ್ಲಿ, ಸತ್ತ ಸಾಲಲ್ಲೇ ಇಟ್ಟಿದ್ದೀನಿ, ಒಂದೂ ಹಿಂದೆಮುಂದೆ ಆಗಿಲ್ಲ. ಕೆಂಪು ಮೊದಲು ಹೋದವು. ಆಮೇಲೆ ಹಳದಿ. ನೀಲಿ ಕೊನೇವರೆಗೂ ಎಳೆದವು. ಈಗ್ಲೇ ಬಾ ಲ್ಯಾಬಿಗೆ, ನಾನೂ ಹೊರಡ್ತೀನಿ. ಪುಟ್ಟೀನೂ ಕರ್ಕೊಂಡು ಬಾ, ಏಸಿ ಈಗ ಸರಿಯಾಗಿದೆ."

"ಬರ್ತೀನಿ, ಮೇಡಂ."

"ಇರು, ಇಡಬೇಡ." ಅಷ್ಟು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಅಷ್ಟು ಅಳುಕಿನಿಂದ ಕೇಳಿದ್ದು ಅದೊಂದೇ ಸಲ. "ತೊಟ್ಟಿ ಎಲ್ಲ ಮುಗಿದು ಬಹಳ ದಿನ ಆಯ್ತಲ್ಲ. ಇನ್ನು ನನ್ನ ಕೈಲಿ ನೋಡ್ಕೊಳ್ಳೋಕೆ ಒಂದೂ ಇಲ್ಲ. ಈಗಲಾದ್ರೂ ಹೇಳ್ತೀಯಾ? ಕೆಂಪು ಅಂದ್ರೆ ಏನು?"

ನಾನು ಒಂದು ಕೈಯಿಂದ ಲ್ಯಾಪ್‌ಟಾಪನ್ನು ಮುಚ್ಚಿದೆ. ಆಮೇಲೆ ಹೇಳಿದೆ.